ಬಾಯಿಗೆ ಬೀಗ ಹಾಕಿದ ಕೆಲಸ

ಗುರುಬಸವನಿಗೆ ದಣಿವು ಕಾಲಿನಿಂದ ಶುರುವಾಗುತ್ತಿತ್ತು. ಮೆಲ್ಬರ್ನಿನ ಪಶ್ಚಿಮ ದಿಕ್ಕಿನ ಆ ದೊಡ್ಡ ಆಸ್ಪತ್ರೆಯಲ್ಲಿ ಔಷಧ ವಿಭಾಗ ಇದ್ದದ್ದು ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲ. ಬೆಳಿಗ್ಗೆ ಗಾಡಿ ತಳ್ಳಿಕೊಂಡು ವಾರ್ಡಿನಿಂದ ವಾರ್ಡಿಗೆ ಹೋಗಿ ಕಪಾಟುಗಳಲ್ಲಿ ಖಾಲಿಯಾದದ್ದನ್ನು ತುಂಬಬೇಕು, ಅವಧಿ ಮುಗಿದದ್ದನ್ನು ತೆಗೆಯಬೇಕು. ಕೆಳಗಿಳಿದು ಬಂದರೆ ಮನೆಗೆ ಹೊರಟ ರೋಗಿಗಳ ಚೀಟಿಗಳು ಕಾದಿರುತ್ತವೆ. ಡಬ್ಬಿ ಇಳಿಸು, ಲೇಬಲ್ ಅಂಟಿಸು, ಬುಟ್ಟಿಗೆ ಹಾಕು. ಅದನ್ನು ಫಾರ್ಮಸಿಸ್ಟ್ ಒಂದೊಂದಾಗಿ ತಾಳೆ ನೋಡಿ, ಸಹಿ ಹಾಕಿ, ಮೇಲೆ ಹೋಗಿ ರೋಗಿಗೆ ತಿಳಿಸಿ ಹೇಳುತ್ತಾರೆ. ಗುರುಬಸವನಂಥ ಟೆಕ್ನಿಷಿಯನ್ ಹೇಳುವ ಹಾಗಿಲ್ಲ. "ಇದು ದಿನಕ್ಕೆಷ್ಟು ಸಲ?" ಎಂದು ಯಾರಾದರೂ ಕೇಳಿದರೂ "ಫಾರ್ಮಸಿಸ್ಟ್ ಬರ್ತಾರೆ" ಅಂದು ಗಾಡಿ ತಳ್ಳಬೇಕು. ಕೈಗೆ ಬಿಡುವಿಲ್ಲ, ಬಾಯಿಗೆ ಬೀಗ.

ಅಯ್ಯೋ, ಹುಬ್ಬಳ್ಳಿಯಲ್ಲಿ ಬಾಯಿಂದಲೇ ಬದುಕಿದವನು ಅವನು! ದುರ್ಗದಬೈಲಿನ ಹತ್ತಿರ ಅವನದೊಂದು ಮೆಡಿಕಲ್ ಶಾಪ್ ಇತ್ತು. ಡಾಕ್ಟರರ ಚೀಟಿ ತಂದವರಿಗಿಂತ "ತಮ್ಮಾ, ತಲಿ ಸಿಡ್ಯಾಕತ್ತೈತಿ, ಏನರ ಕೊಡೋ" ಎಂದು ಬಂದವರೇ ಹೆಚ್ಚು. ಕತ್ತರಿಯಿಂದ ಪಟ್ಟಿ ಕತ್ತರಿಸಿ ನಾಲ್ಕು ಗುಳಿಗೆ ಕೈಗಿಟ್ಟು, ಮಜ್ಜಿಗೆ ಕುಡಿಯಿರಿ, ಬದನೆಕಾಯಿ ಬಿಡಿರಿ ಎಂದು ಎರಡು ಮಾತು ಹೇಳಿ ಕಳಿಸುತ್ತಿದ್ದ. ಜನ ಗುಳಿಗೆಗಿಂತ ಆ ಎರಡು ಮಾತು ನುಂಗಿ ಗುಣವಾಗುತ್ತಿದ್ದರು ಅಂದರೂ ತಪ್ಪಿಲ್ಲ.

ಎರಡು ಸಾವಿರದ ಒಂದರಲ್ಲಿ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹೆಂಡತಿ ಶ್ರೀದೇವಿಯ ಜೊತೆ ಸಿಡ್ನಿಗೆ ಬಂದ. ಹ್ಯಾರಿಸ್ ಪಾರ್ಕಿನ ಒಂದು ಕೋಣೆಯಲ್ಲಿ ಸಂಸಾರ, ಸಂಜೆ ಸ್ವೀಟ್ ಅಂಗಡಿಯಲ್ಲಿ ಜಿಲೇಬಿ ಕಟ್ಟುವ ಕೆಲಸ, ಉಳಿದ ಹೊತ್ತು ಓದು. ಇಲ್ಲಿ ಫಾರ್ಮಸಿಸ್ಟ್ ಆಗಬೇಕಾದರೆ ಪರೀಕ್ಷೆ ಪಾಸಾಗಬೇಕು. ಬರೆಯುವುದನ್ನೆಲ್ಲ ಬರೆದ; ರೋಗಿಯೊಂದಿಗೆ ಮಾತಾಡಿ ತೋರಿಸುವ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ. ಮಾತೇ ಬಂಡವಾಳವಾಗಿದ್ದವನು ಮಾತಿನಲ್ಲೇ ಬಿದ್ದ ನೋಡಿ! "ಸಾಕ್ ಬಿಡ್ರಿ, ಮಾರಿ ಒಣಗಿ ಕಡ್ಡಿ ಆಗೇತಿ" ಎಂದು ಶ್ರೀದೇವಿ ಪುಸ್ತಕ ಕಟ್ಟಿಟ್ಟಳು. ಹಾಗೆ ಮೆಲ್ಬರ್ನ್, ಹಾಗೆ ಟೆಕ್ನಿಷಿಯನ್, ಹಾಗೆ ವೆರಿಬೀಯಲ್ಲಿ ಬಾಡಿಗೆ ಮನೆ. ಕೆಲಸ ಕಾಂಟ್ರಾಕ್ಟಿನದು. ಬರುವ ತಿಂಗಳು ಪರ್ಮನೆಂಟ್ ಮಾಡುತ್ತೇವೆ ಎಂದು ಎರಡು ಸಾವಿರದ ಏಳರಲ್ಲಿ ಮಾತು ಬಂದಾಗ, ಶ್ರೀದೇವಿ ಆಗಲೇ ಸ್ವಂತ ಮನೆಯ ಅಡಿಗೆಕೋಣೆಗೆ ಬಣ್ಣ ಆರಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಮುಚ್ಚಿದ ಬಾಯಿಯನ್ನು ನಮ್ಮ ಜನ ಭಾನುವಾರ ತೆರೆಸುತ್ತಿದ್ದರು. ಯಾರ ಮನೆಯ ಊಟಕ್ಕೆ ಹೋದರೂ ಊರಿನಿಂದ ತಂದ ಗುಳಿಗೆಯ ಚೀಲ ಅವನ ಮುಂದೆ ಬಿಚ್ಚಿಕೊಳ್ಳುತ್ತಿತ್ತು. ಇಲ್ಲ ಅಂದರೆ ಸೊಕ್ಕು ಅನ್ನುತ್ತಾರೆ, ಹೇಳಿದರೆ ನಿಯಮಕ್ಕೆ ವಿರುದ್ಧ. ಪಾಯಿಂಟ್ ಕುಕ್‌ನ ಸಿದ್ದಣ್ಣನ ಮನೆಯಲ್ಲೂ ಹಾಗೇ ಆಯಿತು. ಸಿದ್ದಣ್ಣನ ತಂದೆ ಅಡಿವೆಪ್ಪ ಕಾಕಾ ಹುಬ್ಬಳ್ಳಿಯಲ್ಲಿ ಅವನ ಅಂಗಡಿಯ ಹಳೇ ಗಿರಾಕಿ. ಮಗನ ಮನೆಗೆಂದು ಆರು ತಿಂಗಳಿಗೆ ಬಂದಿದ್ದರು. ಊಟದ ನಡುವೆ, ಸಿದ್ದಣ್ಣ ಒಳಗೆ ಹೋಗಿದ್ದಾಗ, ಕೇಸರಿ ಬಣ್ಣದ ಗುಳಿಗೆ ಪಟ್ಟಿ ಎತ್ತಿ ಹಿಡಿದು ಕೇಳಿದರು.

"ತಮ್ಮಾ, ಊರಿನ ಬಿಪಿ ಗುಳಿಗಿ ಇದು. ಚಾಲೂ ಇಡ್ಲೋ, ಬಿಡ್ಲೋ?"

ವಾರವಿಡೀ ನಿಂತು ಕಾಲು ಊದಿದ್ದ ಗುರುಬಸವ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಬಿಪಿ ಗುಳಿಗಿ ಬಿಡಬಾರದ್ರೀ ಕಾಕಾ. ಚಾಲೂ ಇಡ್ರಿ."

ಮಾತು ಸುಳ್ಳಲ್ಲ. ಆದರೆ ಇಲ್ಲಿಯ ಡಾಕ್ಟರ್ ಬೇರೆ ಏನಾದರೂ ಕೊಟ್ಟಿದ್ದಾರೋ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ, ಮನೆಗೆ ಹೊರಟವರ ಚೀಟಿಗಳಲ್ಲಿ ಅಡಿವೆಪ್ಪ ಎಂಬ ಹೆಸರು ಕಂಡಿತು. ಫಾರ್ಮಸಿಸ್ಟ್ ಹೆಲೆನ್‌ಳನ್ನು ಕೇಳಿದ. ಮುದುಕ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಿದ್ದನಂತೆ, ನಾಡಿ ತೀರಾ ಇಳಿದಿತ್ತಂತೆ. ಇಲ್ಲಿಯ ಡಾಕ್ಟರ್ ಕೊಟ್ಟಿದ್ದ ಬಿಪಿ ಗುಳಿಗೆ ನಿಲ್ಲಿಸಿದ ಮೇಲೆ ಸುಧಾರಿಸಿದ್ದಾನಂತೆ. ಇಷ್ಟು ಕಡಿಮೆ ಗುಳಿಗೆಗೇ ಹೀಗಾಗಬೇಕಾದರೆ ಹೃದಯವೇ ಸೋತಿರಬೇಕು, ಎದೆಯೊಳಗೆ ಪೇಸ್‌ಮೇಕರ್ ಕೂರಿಸಬೇಕಾದೀತು ಎಂದು ಡಾಕ್ಟರರ ಅಂದಾಜು. ಸದ್ಯಕ್ಕೆ ಅದೇ ಗುಳಿಗೆ ಅರ್ಧ ಕೊಟ್ಟು ಮನೆಗೆ ಕಳಿಸುತ್ತಿದ್ದಾರೆ.

ಗುರುಬಸವ ಚೀಟಿಯ ಮೇಲಿನ ಗುಳಿಗೆಯ ಹೆಸರು ನೋಡಿದ. ಕೇಸರಿ ಪಟ್ಟಿಯಲ್ಲಿದ್ದದ್ದೂ ಅದೇ ಔಷಧ, ಕಂಪನಿಯ ಹೆಸರು ಬೇರೆ ಅಷ್ಟೆ. ಅಂಗಡಿಯಲ್ಲಿ ವರ್ಷಗಟ್ಟಲೆ ಮಾರಿದವನಿಗೆ ಗೊತ್ತಾಗದೇ ಇರುತ್ತದೆಯೇ? ಮುದುಕ ಎರಡನ್ನೂ ನುಂಗಿದ್ದಾನೆ.

"ಬೇರೆ ಯಾವುದಾದ್ರೂ ಮೆಡಿಸಿನ್ ತಗೋತಾರಾ ಅಂತ ಕೇಳಿದ್ರಾ?" ಎಂದ.

"ಮಗನ ಹತ್ರ ಕೇಳಿದೆ. ಅವರು ಅಪ್ಪನನ್ನ ಕೇಳಿ ನೋಡಿ, ಏನೂ ಇಲ್ಲ ಅಂದ್ರು," ಎಂದಳು ಹೆಲೆನ್.

ಕಾಕಾ ಸುಳ್ಳು ಹೇಳಿರಲಿಕ್ಕಿಲ್ಲ. ನಮ್ಮ ಹಿರಿಯರಿಗೆ ಆಸ್ಪತ್ರೆಯವರು ಕೊಟ್ಟದ್ದು ಮಾತ್ರ ಔಷಧ. ಊರಿನಿಂದ ಡಬ್ಬಿಯಲ್ಲಿ ತಂದದ್ದು ಚಟ್ನಿಪುಡಿ, ಶೇಂಗಾ ಹೋಳಿಗೆಯ ಲೆಕ್ಕಕ್ಕೆ ಸೇರುತ್ತದೆ, ಮನೆಯ ವಸ್ತು.

ಸಿದ್ದಣ್ಣನನ್ನು ಮೂಲೆಗೆ ಕರೆದು ಗುಟ್ಟಾಗಿ ಹೇಳಿಬಿಡಲೇ ಎಂದು ಗುರುಬಸವನಿಗೆ ಅನ್ನಿಸದೇ ಇರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆದರೆ ಡಾಕ್ಟರರಿಗೆ ನಿಜ ಗೊತ್ತಾಗದಿದ್ದರೆ ಆ ಮುದುಕನ ಎದೆಯನ್ನು ಸುಮ್ಮಸುಮ್ಮನೆ ಕೊಯ್ಯುತ್ತಾರೆ. ಹೇಳಿದರೆ, ಇದು ನಿನಗೆ ಹೇಗೆ ಗೊತ್ತು, ಚಾಲೂ ಇಡು ಅಂದವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಬೇಸರವಾಯಿತು. ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ದುಡಿದದ್ದು ಒಂದು ಭಾನುವಾರದ ಊಟದಲ್ಲಿ ಹೋಯಿತಲ್ಲ!

"ಹೆಲೆನ್, ಅವರು ಇನ್ನೊಂದು ತಗೋತಿದ್ದಾರೆ. ಇಂಡಿಯಾದ್ದು, ಇದೇ ಡ್ರಗ್. ತಗೊಳ್ಳಿ ಅಂತ ನಾನೇ ಹೇಳಿದ್ದೆ," ಎಂದುಬಿಟ್ಟ.

ಹೆಲೆನ್ ಪೆನ್ನು ಕೆಳಗಿಟ್ಟಳು. ಡಾಕ್ಟರಿಗೆ ಫೋನ್ ಮಾಡಿ ಮುಗಿಸಿದ ಮೇಲೆ ಹೇಳಿದಳು: "ನೀನು ಹೇಳಿದ್ದು ಒಳ್ಳೇದಾಯ್ತು ಗುರು. ಆದ್ರೆ ನಾನಿದನ್ನ ರಿಪೋರ್ಟ್ ಮಾಡಲೇಬೇಕು."

ಪರ್ಮನೆಂಟ್ ಕೆಲಸ ಆ ವರ್ಷ ಬೇರೊಬ್ಬರಿಗೆ ಹೋಯಿತು ಎಂಬುದನ್ನು ಇಲ್ಲೇ ಹೇಳಿಬಿಡೋಣ. ಗುರುಬಸವನಿಗೆ ಅದು ಆಗಲೇ ಗೊತ್ತಾಗಿತ್ತು. ಆದರೆ ಆ ಹೊತ್ತಿಗೆ ಆಗಬೇಕಾದದ್ದು ಒಂದೇ, ಕಾಕಾ ಊರಿನ ಗುಳಿಗೆ ಬಿಡಬೇಕು. ಪಟ್ಟಿ ಗುರುತಿಸಲಿಕ್ಕೆಂದು ಹೆಲೆನ್ ಅವನನ್ನೂ ಮೇಲಕ್ಕೆ ಕರೆದೊಯ್ದಳು. "ಮಾತು ಇಂಟರ್‌ಪ್ರಿಟರ್ ಆಡ್ತಾರೆ, ನೀನು ಆಡಬೇಡ," ಎಂದು ಲಿಫ್ಟಿನಲ್ಲೇ ಎಚ್ಚರಿಸಿದಳು.

ಅಡಿವೆಪ್ಪ ಕಾಕಾ ಕೋಟು ತೊಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಹೊರಡಲು ಕೂತಿದ್ದರು. ಪಕ್ಕದಲ್ಲಿ ಸಿದ್ದಣ್ಣ. ಹುಡುಕಿದರೆ ಕೇಸರಿ ಪಟ್ಟಿ ಕೋಟಿನ ಒಳಜೇಬಿನಲ್ಲೇ ಸಿಕ್ಕಿತು. ಗುರುಬಸವ ನೋಡಿ ತಲೆಯಾಡಿಸಿದ. ಹೆಲೆನ್‌ಳ ಮಾತನ್ನು ಕನ್ನಡಕ್ಕೆ ತಿರುಗಿಸುವ ಇಂಟರ್‌ಪ್ರಿಟರ್ ಹೆಣ್ಣುಮಗಳು ಫೋನಿನೊಳಗಿಂದ ಬೆಂಗಳೂರಿನ ಕನ್ನಡದಲ್ಲಿ, "ಸರ್, ಈ ಮಾತ್ರೆನ ನೀವು ಇನ್ಮೇಲೆ ತಗೋಬಾರ್ದಂತೆ," ಎಂದಳು.

"ಯಾರವಾ ನೀನು? ಮಾರಿ ಇಲ್ಲ, ಹೆಸರಿಲ್ಲ," ಎಂದರು ಕಾಕಾ.

"ಅಪ್ಪಾ, ಅವ್ರು ಹೇಳಿದಂಗ ಕೇಳು," ಎಂದ ಸಿದ್ದಣ್ಣ.

"ನೀ ಸುಮ್ಮನಿರು. ಔಷಧದ ವಿಷಯ ನಿನಗೇನು ಗೊತ್ತು?" ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಕಾಕಾ ನೇರವಾಗಿ ಗುರುಬಸವನ ಕಡೆ ತಿರುಗಿದರು. "ತಮ್ಮಾ, ಇಷ್ಟು ವರ್ಷ ನಿನ್ನ ಮಾತಿನ ಮ್ಯಾಲೆ ಬದುಕೇನಿ. ನೀ ಹೇಳಿದ್ರ ಬಿಡ್ತೀನಿ, ಇಲ್ಲಂದ್ರ ಇಲ್ಲ. ಹೇಳು."

ಗುರುಬಸವ ಹೆಲೆನ್‌ಳ ಮುಖ ನೋಡಿದ. ಅವಳು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

"ಬಿಡ್ರೀ ಕಾಕಾ," ಎಂದ. "ಅವತ್ತು ನಾ ವಿಚಾರ ಮಾಡದ ಹೇಳಿದ್ದೆ. ನೀವು ಬಿದ್ದದ್ದು ನನ್ನ ಮಾತಿನಿಂದ."

ಕಾಕಾ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಮುಷ್ಟಿ ಬಿಚ್ಚಿ ಪಟ್ಟಿಯನ್ನು ಅವನ ಅಂಗೈಗಿಟ್ಟರು.

"ಹಂಗಾದ್ರ ಇನ್ನ ಮ್ಯಾಲೆ ಯಾರನ್ನ ಕೇಳ್ಲೆಪಾ ನಾನು?"

ಗುರುಬಸವ ಆ ಪಟ್ಟಿಯನ್ನು ಹೆಲೆನ್‌ಳ ಕೈಗೆ ಕೊಟ್ಟ.

"ಇವರನ್ನ ಕೇಳ್ರಿ," ಎಂದ. "ನನ್ನ ಕೇಳಬ್ಯಾಡ್ರಿ."