ತಂಗಿಯ ಪರವಾಗಿ ನಾನು ಕೊಟ್ಟ ಮಾತು

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸುಗಳು ನಿಲ್ಲುವುದೇ ಇಲ್ಲ ಎಂದು ನಮ್ಮ ಸವಣೂರಿನ ಚಹಾದಂಗಡಿಯಲ್ಲಿ ದಿನಾ ಯಾರಾದರೂ ಬೈಯುತ್ತಾರೆ. ಹಾಗಾದರೆ ನನ್ನನ್ನು ಬೈಯಿರಿ. ಒಬ್ಬ ನರ್ಸು ನಿಲ್ಲದಂತೆ ಮಾಡಿದವನು ನಾನು. ಐದನೆಯ ಇಯತ್ತೆಗೆ ಶಾಲೆ ಬಿಟ್ಟು, ವೀಳ್ಯದೆಲೆ ಆಯ್ದು ಕಟ್ಟು ಕಟ್ಟುತ್ತ ಬದುಕಿದವನು. ಆ ನರ್ಸು ನನ್ನ ತಂಗಿ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ತಪ್ಪು ಅವರದಲ್ಲ, ನನ್ನದು.

ತಂಗಿಯದು ಗುತ್ತಿಗೆ ನೌಕರಿ. ವರ್ಷ ತುಂಬಿದ ಕೂಡಲೇ ಕೆಲಸದಿಂದ ಬಿಡಿಸುತ್ತಾರೆ. ಒಂದೆರಡು ದಿನದಲ್ಲಿ ಫೋನು ಮಾಡಿ ಕರೆದು ಹೊಸ ಕರಾರಿಗೆ ಸಹಿ ಮಾಡಿಸಿಕೊಳ್ಳುತ್ತಾರೆ. ಎಷ್ಟು ವರ್ಷ ದುಡಿದರೂ ಕಾಗದದಲ್ಲಿ ಅವಳು ಹೊಸಬಳೇ. ಹೆರಿಗೆ ವಾರ್ಡಿನಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಒಬ್ಬ ಹಿರಿಯ ಸಿಸ್ಟರ್.

ತಿಳವಳ್ಳಿಯಿಂದ ಗಂಡಿನ ಕಡೆಯವರು ಮಾತು ಮುಗಿಸಲು ಬಂದ ದಿನ, ಬದಲಿ ಸಿಗದೆ ತಂಗಿ ಇನ್ನೂ ಡ್ಯೂಟಿಯಲ್ಲೇ ಇದ್ದಳು. ಹುಡುಗ, ಹುಡುಗಿ ಮೊದಲೇ ಒಪ್ಪಿದ್ದರು. ಹುಡುಗನ ದೊಡ್ಡಪ್ಪ ಮಾತ್ರ, "ರಾತ್ರಿ ಪಾಳಿ ಮಾಡೋ ಸೊಸಿ ನಮಗ ಬ್ಯಾಡ್ರಿ. ನೌಕರಿ ಬಿಡಸ್ತೀರೇನು?" ಎಂದರು. ಅಪ್ಪ ತೀರಿದ ಮೇಲೆ ಮನೆಗೆ ಹಿರಿಯ ನಾನೇ. ಎಲೆ ಅಡಿಕೆ ಕೈಯಲ್ಲಿ ಹಿಡಿದು, "ಬಿಡಸ್ತೇನ್ರಿ" ಎಂದೆ. ಸಕ್ಕರೆ ಹಂಚಿದೆವು. ತಂಗಿ ಬಸ್ಸಿಳಿದು ಬಂದಾಗ ಅವಳ ಬಾಯಿಗೂ ಸಕ್ಕರೆ ಹಾಕಿದರು. ಯಾವ ಮಾತಿಗೆ ಎಂದು ಯಾರೂ ಅವಳಿಗೆ ಹೇಳಲಿಲ್ಲ.

ನಾನೂ ಹೇಳಲಿಲ್ಲ. ನೌಕರಿ ಬಿಡು ಎನ್ನುವ ಧೈರ್ಯ ನನಗಿರಲಿಲ್ಲ. ಆ ವರ್ಷದ ಕರಾರು ಮುಗಿದಾಗ ಆಸ್ಪತ್ರೆಯ ಕಚೇರಿಯಿಂದ ಫೋನು ನನಗೆ ಬಂತು. ಸೇರುವಾಗ ಅರ್ಜಿಯಲ್ಲಿ ನನ್ನ ನಂಬರನ್ನೇ ಬರೆಸಿದ್ದೆ. ನಾಳೆ ಹತ್ತಕ್ಕೆ ಸಹಿಗೆ ಕಳಿಸಿರಿ ಎಂದರು. ಹೇಳುತ್ತೇನೆ ಎಂದೆ, ಹೇಳಲಿಲ್ಲ. ನಾಲ್ಕು ದಿನ ಕಾದು ತಂಗಿ ತಾನೇ ಹೋದಳು. ಅಷ್ಟರಲ್ಲಿ ಹಾಜರಾಗಿಲ್ಲ ಎಂದು ಬರೆದು ಜಾಗ ಖಾಲಿ ತೋರಿಸಿದ್ದರು. ಮನೆಗೆ ಫೋನು ಮಾಡಿದ್ದೆವು ಎಂದು ಕ್ಲಾರ್ಕು ಹೇಳಿದನಂತೆ. ಫೋನೇ ಬಂದಿಲ್ಲ ಎಂದೆ ನಾನು. ಅವಳ ಜೊತೆ ಕೂತು ಆ ಕ್ಲಾರ್ಕನ್ನು ಸುಳ್ಳ ಎಂದು ಬೈದೆ ಕೂಡ.

ಆ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಯಾರು ಬರುತ್ತಾರೆ? ಕರೆಯದೆ ಕೈಬಿಟ್ಟವರ ಬಾಗಿಲಿಗೆ ಮತ್ತೆ ಹೋಗುವುದಿಲ್ಲ ಎಂದು ತಂಗಿ ಅರ್ಜಿ ಹಾಕಲಿಲ್ಲ. ಮೊದಲ ಸಂದರ್ಶನಕ್ಕೆ ಒಬ್ಬರೂ ಬರಲಿಲ್ಲ. ಎರಡನೆಯದರಲ್ಲಿ ಹಿರೇಕೆರೂರಿನ ಹುಡುಗಿಯೊಬ್ಬಳು ಸೇರಿದಳು, ಇಪ್ಪತ್ತು ದಿನಕ್ಕೆ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ಹೋದಳು. ಅವಳನ್ನು ಬೈಯುವವರಿಗೆ ನನ್ನದೊಂದು ಪ್ರಶ್ನೆ: ವರ್ಷಕ್ಕೊಮ್ಮೆ ಹೊರಗೆ ಹಾಕಿ ಮತ್ತೆ ಒಳಗೆ ಕರೆಯುವ ಮನೆಯಲ್ಲಿ ನೀವು ಗಂಟು ಬಿಚ್ಚುತ್ತೀರಾ?

ಒಂದು ಮಧ್ಯಾಹ್ನ ಹಿರಿಯ ಸಿಸ್ಟರ್ ಮನೆಗೇ ಬಂದರು. ಪಾದ ಊದಿ, ಅದರ ಮೇಲೆ ಚಪ್ಪಲಿಯ ಪಟ್ಟಿಯ ಗುರುತು ಮೂಡಿತ್ತು. ವಾರ್ಡು ಒಬ್ಬಳಿಂದ ಆಗುತ್ತಿಲ್ಲ, ಗುರುವಾರ ಮೂರನೆಯ ಸಂದರ್ಶನವಿದೆ, ಇವಳನ್ನು ಕಳಿಸಿರಿ ಎಂದು ಅವ್ವನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಆವತ್ತ ಕ್ಲಾರ್ಕ್ ನಿನಗ ಫೋನ್ ಹಚ್ಚಿದಾಗ ನಾನೂ ಅಲ್ಲೇ ಇದ್ದೆ, ತಮ್ಮಾ. ಹೇಳ್ತೇನಿ ಅಂದಿದ್ದಿ. ಅಕೀನ ಬ್ಯಾಡಂದಾಳ ಅಂತ ತಿಳಕೊಂಡಿದ್ದೆ ನಾನು."

ತಂಗಿ ಬಾಗಿಲಲ್ಲೇ ನಿಂತಿದ್ದಳು. ಎಲೆ ಅಡಿಕೆ ಹಿಡಿದು ಕೊಟ್ಟ ಮಾತು, ನುಂಗಿದ ಫೋನು, ಎಲ್ಲ ಅಂದೇ ಒಪ್ಪಿಕೊಂಡೆ. ಅವಳು ಸಿಸ್ಟರನ್ನು ಬಸ್ಸಿಗೆ ಬಿಡಲು ಹೊರಟಳು.

ಮರುದಿನ ಬೆಳಿಗ್ಗೆ ಯಾರಿಗೂ ತಿಳಿಸದೆ ಬಸ್ಸು ಹತ್ತಿ, ಹಾನಗಲ್ಲಿನ ಮೇಲೆ ತಿಳವಳ್ಳಿಗೆ ಹೋದೆ. ನನ್ನ ತಂಗಿ ನೌಕರಿ ಬಿಡುವುದಿಲ್ಲ, ಬೇಕಾದರೆ ನೀವು ಸಂಬಂಧ ಬಿಡಿರಿ ಎಂದು ದೊಡ್ಡಪ್ಪನ ಮುಖಕ್ಕೇ ಹೇಳಿದೆ. ಆಡಿದ ಮಾತು ತಪ್ಪುತ್ತೀಯಾ ಎಂದು ಅವರು ಗದರಿದರು. ಹೌದು, ತಪ್ಪುತ್ತೇನೆ ಎಂದೆ. ದೊಡ್ಡದೇನೋ ಸಾಧಿಸಿದವನಂತೆ ಮನೆಗೆ ಬಂದು ತಂಗಿಗೆ ಹೇಳಿದೆ.

ಅವಳು ಅರ್ಜಿ ಬರೆಯುತ್ತಿದ್ದಳು. ಪೆನ್ನು ಕೆಳಗಿಟ್ಟಳು.

"ನಿನ್ನಿ ಸಂಜಿಕೆ ಆ ಹುಡುಗಗ ಫೋನ್ ಮಾಡಿದ್ದೆ. ನೌಕರಿ ಮಾಡು, ಮನಿಯವರನ್ನ ನಾನು ಒಪ್ಪಸ್ತೇನಿ ಅಂದಿದ್ದ. ಅವತ್ತೂ ನೀನ ಮಾತು ಕೊಟ್ಟಿ, ಇವತ್ತೂ ನೀನ ಹೋಗಿ ಮುರದ ಬಂದಿ. ನನಗೂ ಒಂದ ಬಾಯಿ ಐತಿ, ಅಣ್ಣಾ."

ಗುರುವಾರ ಅವಳು ಒಬ್ಬಳೇ ಹೋದಳು. ಆ ಸಂದರ್ಶನಕ್ಕೆ ಬಂದವಳೂ ಅವಳೊಬ್ಬಳೇ. ಈಗ ಅದೇ ವಾರ್ಡಿನಲ್ಲಿದ್ದಾಳೆ. ಸಂದರ್ಶನದ ಮುಂದಿನ ಭಾನುವಾರ ತಿಳವಳ್ಳಿಗೂ ಒಬ್ಬಳೇ ಹೋಗಿ ಬಂದಳು. ಅಲ್ಲಿ ಏನಾಯಿತೆಂದು ಅವ್ವನಿಗೆ ಹೇಳಿದ್ದಾಳೆ, ನನಗಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಓಣಿಯ ಹಿರಿಯರು ಬಿಡುವುದಿಲ್ಲ. ತಂಗಿಯ ಮದುವೆ ಏನಾಯಿತು, ಇನ್ನೂ ಆ ರಾತ್ರಿ ಪಾಳಿಗೆ ಕಳಿಸುತ್ತೀಯಾ, ಮನೆಗೆ ಹಿರಿಯ ನೀನು ತಾನೇ ಎಂದು ಕೆಣಕುತ್ತಾರೆ. ಎಲ್ಲರಿಗೂ ನನ್ನದು ಒಂದೇ ಉತ್ತರ.

"ಅಕೀನ್ನ ಕೇಳ್ರಿ. ವಾರ್ಡಿನಾಗ ಅದಾಳ."