ವಿಯೆನ್ನಾದಲ್ಲಿ ಬೂಟು ಬಿಟ್ಟ ಗಿರಿಜಾ

ಬ್ರಾಟಿಸ್ಲಾವಾದಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಒಂದು ಗಂಟೆ. ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಬಸ್ಸಿಗೂ ಅಷ್ಟೇ ಹೊತ್ತು ಬೇಕು. ಇಲ್ಲಿ ದೇಶವೇ ಬದಲಾಗಿತ್ತು. ಯೂರೋಪ್ ಟೂರಿನವರು ಆ ದಿನ ನಮ್ಮನ್ನು ನಮ್ಮ ಪಾಡಿಗೆ ಬಿಟ್ಟಿದ್ದರಿಂದ ಮೂವರು ವಾಕಿಂಗ್ ಗೆಳತಿಯರೂ ಬೆಳಿಗ್ಗೆಯೇ ಹೊರಟೆವು: ನಾನು, ವಿಜಯನಗರದ ಶಾಂತಾ, ಮೂಡಲಪಾಳ್ಯದಲ್ಲಿ ಕುರುಕಲು ತಿಂಡಿ ಅಂಗಡಿ ಇಟ್ಟಿರುವ ಗಿರಿಜಾ. ಗಿರಿಜಾಗೆ ಶುಗರ್ ಇರುವುದು ನಮಗೆ ಗೊತ್ತಿತ್ತು. ನಮ್ಮ ವಯಸ್ಸಿನಲ್ಲಿ ಅದೇನು ದೊಡ್ಡ ಸುದ್ದಿಯಲ್ಲ.

ವಿಯೆನ್ನಾದಲ್ಲಿ ಸೊನ್ನೆಗಿಂತ ಮೂರು ಡಿಗ್ರಿ ಕೆಳಗಿನ ಚಳಿ. ಹಿಮದಲ್ಲಿ ಜನ ಜಾರದಿರಲೆಂದು ಬೀದಿಗೆಲ್ಲ ಚೂಪಾದ ಸಣ್ಣ ಜಲ್ಲಿ ಎರಚಿದ್ದರು. ಒಂದು ಕಾಫಿಗೆ ಆರು ಯೂರೋ ಎಂದಾಗ ಶಾಂತಾ ಎದೆ ಹಿಡಿದುಕೊಂಡಳು. ಆ ದಿನದ ಆಘಾತ ಅದೊಂದೇ ಎಂದುಕೊಂಡಿದ್ದೆವು.

ಮಧ್ಯಾಹ್ನ ಓಣಿಯೊಂದರಲ್ಲಿ ಹಳೆಯ ಚರ್ಚು ಕಂಡಿತು. ಗಿರಿಜಾ ಬಾಗಿಲಲ್ಲೇ ಕೂತು ಬೂಟು ಬಿಚ್ಚತೊಡಗಿದಳು.

"ಇಲ್ಲಿ ಯಾರೂ ಬಿಡಲ್ಲ ಕಣೇ!" ಎಂದೆ.

"ಅದು ಅವರಿಷ್ಟ. ಬೂಟ್ ಹಾಕ್ಕೊಂಡು ಕೈ ಮುಗಿದ್ರೆ ನಂಗೆ ಸಮಾಧಾನ ಆಗಲ್ಲ."

ಹೊರಗೆ ಬಂದಾಗ ಬೂಟು ಮಾಯ. ಬಾಯಿ ಬಿಟ್ಟುಕೊಂಡು ನಿಂತೆವು. ಯೂರೋಪಿನಲ್ಲೂ ದೇವರ ಮುಂದೆ ಚಪ್ಪಲಿ ಕಳ್ಳರೇ! ಶಾಂತಾ ಮಾತ್ರ, "ಶನಿಕಾಟ ತೊಲಗ್ತು ಅಂದ್ಕೋ ಬಿಡೇ" ಎಂದು ನಕ್ಕಳು.

ಎರಡು ಬೀದಿ ದಾಟಿದರೆ ಬೂಟಿನ ಅಂಗಡಿ. ಗಿರಿಜಾ ಬರೀ ಕಾಲುಚೀಲದಲ್ಲೇ, ಹರಟುತ್ತಾ ನಮಗಿಂತ ಮುಂದೆ ನಡೆದಳು. ಬೂಟಿನೊಳಗೂ ನನ್ನ ಬೆರಳು ಮರಗಟ್ಟಿದ್ದವು. ಎಂಥ ಗಟ್ಟಿಗಿತ್ತಿ ಎಂದು ಹೊಗಳಿದೆ.

ಅಂಗಡಿಯ ಹುಡುಗಿ ಅಳತೆ ತೆಗೆಯಲು ಬಗ್ಗಿದವಳು ಚೀರಿದಳು. ಮರದ ನೆಲದ ಮೇಲೆ, ಬಾಗಿಲಿನಿಂದ ಕುರ್ಚಿಯವರೆಗೆ ರಕ್ತದ ಹೆಜ್ಜೆಗಳು. ಗಿರಿಜಾಳ ಹಿಮ್ಮಡಿಯಲ್ಲಿ ಗಾಜಿನ ಚೂರು ನೆಟ್ಟಗೆ ಹೊಕ್ಕಿತ್ತು. ಅವಳು ನಮ್ಮಿಬ್ಬರ ಮುಖ ನೋಡಿ, "ಏನಾಯ್ತೇ? ಯಾಕ್ ಹಿಂಗ್ ನೋಡ್ತಿದೀರಾ?" ಎಂದಳು.

ಆಸ್ಪತ್ರೆಯಲ್ಲಿ ವೈದ್ಯೆ ಗಾಜು ತೆಗೆದು ಹೊಲಿಗೆ ಹಾಕಿದರು. ಶುಗರಿನಿಂದ ನರ ಸತ್ತು ಎರಡೂ ಪಾದಗಳಿಗೆ ಸ್ಪರ್ಶವೇ ತಿಳಿಯುತ್ತಿಲ್ಲ, ಗಾಯ ಕೊಳೆತರೆ ಕಾಲನ್ನೇ ತೆಗೆಯಬೇಕಾದೀತು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ನಾನು ಗಿರಿಜಾಳ ಕಡೆ ತಿರುಗಿದೆ.

"ಯಾವಾಗಿಂದ?"

"ವರ್ಷ ಆಯ್ತು ಕಣೇ. ಹೇಳಿದ್ದಿದ್ರೆ ನನ್ನ ಕರ್ಕೊಂಡ್ ಬರ್ತಿದ್ರಾ?"

ಸಿಟ್ಟು ನೆತ್ತಿಗೇರಿತು, ಜೊತೆಗೇ ಅಳುವೂ ಬಂತು. ದಿನಾ ಬೆಳಿಗ್ಗೆ ಪಕ್ಕದಲ್ಲೇ ನಡೆಯುವವಳು! ಕರೆದುಕೊಂಡು ಬರುತ್ತಿರಲಿಲ್ಲ ಎಂಬುದೂ ನಿಜವೇ.

ಸಂಜೆಯ ರೈಲು ಹೊರಟಾಗ ವಿಯೆನ್ನಾದ ದೀಪಗಳು ಹಿಂದೆ ಸರಿದವು. ಎದುರು ಕೂತ ಗಿರಿಜಾ ನನ್ನ ಪಕ್ಕದ ಸೀಟಿನ ಮೇಲೆ ಕಾಲು ಚಾಚಿ, ಕಿಟಕಿಯಾಚೆ ನೋಡುತ್ತಿದ್ದಳು. ಗಾಯವಿಲ್ಲದ ಪಾದವನ್ನಾದರೂ ಪರೀಕ್ಷಿಸೋಣವೆಂದು ಬಗ್ಗಿ, "ಹೆಬ್ಬೆರಳು ಹಿಡೀತೀನಿ, ಗೊತ್ತಾಗುತ್ತಾ ಹೇಳು" ಎಂದೆ.

"ಹೂಂ ಕಣೇ, ಗೊತ್ತಾಗ್ತಿದೆ. ನಿನ್ ಕೈ ಎಷ್ಟು ತಣ್ಣಗಿದೆ!" ಎಂದಳು, ಕಿಟಕಿಯಿಂದ ಕಣ್ಣು ತೆಗೆಯದೆ.

ನಾನಿನ್ನೂ ಕೈಗವಸು ಬಿಚ್ಚುತ್ತಿದ್ದೆ.