ಹಗ್ಗ ಹಿಡಿದೇ ಇತ್ತು

ಹೊಸ ಹಗ್ಗದ ಕಟ್ಟು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ, ಆಗಷ್ಟೇ ಕೊಂಡು ತಂದ ಪ್ಲಾಸ್ಟಿಕ್ ಚಾಪೆಯ ವಾಸನೆಯಂತೆ. ಕಳೆದ ವಾರ ಹಿನಕಲ್ ಹತ್ತಿರದ ಕಟ್ಟಡವೊಂದರ ತಾರಸಿಯಲ್ಲಿ ಅದು ಮೂಗಿಗೆ ಬಡಿಯಿತು. ಮೇಸ್ತ್ರಿ ಪಕ್ಕದಲ್ಲೇ ಕೂತಿದ್ದಾರೇನೋ ಅನ್ನಿಸಿ ತಿರುಗಿ ನೋಡಿದೆ...

ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಎತ್ತರದ ಕಟ್ಟಡಗಳ ಮೇಲಿಂದ ಹಗ್ಗದಲ್ಲಿ ಇಳಿದು ಗಾಜು ಒರೆಸುವುದು, ಬಿರುಕು ಮುಚ್ಚುವುದು, ಬಣ್ಣ ಹೊಡೆಯುವುದು ಅವರ ಕೆಲಸ. ಗಾರ್ಮೆಂಟ್ಸ್ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಅವರೇ ಕರೆದುಕೊಂಡು ಹೋದರು. ಮೊದಲ ದಿನ ತಾರಸಿಯ ಅಂಚಿನ ಗೋಡೆ ಹಿಡಿದು ಕೂತುಬಿಟ್ಟೆ. ಅವರು ಧೈರ್ಯ ಹೇಳಲಿಲ್ಲ. ಡಬ್ಬಿ ತೆಗೆದು ಎರಡು ಇಡ್ಲಿ ಕೊಟ್ಟರು.

"ಮೊದ್ಲು ತಿನ್ನು. ಕೆಳಗೆ ನೋಡೋದು ಆಮೇಲೆ ಇದ್ದೇ ಅದೆ ಕಣೋ," ಅಂದರು.

ಒಬ್ಬೊಬ್ಬರಿಗೂ ಎರಡು ಹಗ್ಗ. ಒಂದು ತೂಗಿ ಇಳಿಯಲು, ಇನ್ನೊಂದು ಅದು ತುಂಡಾದರೆ ಹಿಡಿಯಲು. ಎರಡನ್ನೂ ಗೇಣು ಗೇಣಾಗಿ ಬೆರಳಲ್ಲಿ ಸವರಿ ನೋಡದೆ ಮೇಸ್ತ್ರಿ ಯಾರನ್ನೂ ಇಳಿಸುತ್ತಿರಲಿಲ್ಲ. ನಾಲ್ಕು ವರ್ಷ ಅವರ ಪಕ್ಕದಲ್ಲಿ ತೂಗಿದೆ, ಒಬ್ಬರಿಗೂ ಪೆಟ್ಟಾಗಲಿಲ್ಲ.

ಆ ದಿನ ಏಪ್ರಿಲ್ ಬಿಸಿಲು. ಒಂದು ಆಫೀಸಿನ ಗಾಜು ಒರೆಸುತ್ತಿದ್ದೆವು. ಬೆಳಿಗ್ಗೆಯಿಂದ ಅವರು ಎಡಭುಜ ಉಜ್ಜಿಕೊಳ್ಳುತ್ತಿದ್ದರು. ಬಕೆಟ್ ಹೊತ್ತ ನೋವಿರಬೇಕು ಅಂದುಕೊಂಡೆ. ಐದನೇ ಮಹಡಿ ಮುಗಿಸಿ ನಾನು ನಾಲ್ಕಕ್ಕೆ ಇಳಿದೆ. ಅವರು ಇಳಿಯಲಿಲ್ಲ. ತಲೆ ಎದೆಗೆ ಬಾಗಿತ್ತು, ಹೆಲ್ಮೆಟ್ಟಿನಿಂದಾಗಿ ಮುಖ ಕಾಣುತ್ತಿರಲಿಲ್ಲ. ಹಾಗೆ ತೂಗುತ್ತಲೇ ದಣಿವಾರಿಸಿಕೊಳ್ಳುವ ಅಭ್ಯಾಸ ಅವರಿಗಿತ್ತು.

"ಏನ್ ಮೇಸ್ತ್ರಿ, ಅಲ್ಲೇ ನಿದ್ದೆ ಹೊಡೀತಿದ್ದೀರಾ?" ಎಂದು ಕೂಗಿ, ನಕ್ಕು, ಇನ್ನೊಂದು ಗಾಜು ಒರೆಸಿದೆ. ಅದು ಮುಗಿದ ಮೇಲೆ ಮತ್ತೊಂದು...

ಮೇಲೆ ಧಪಧಪ ಸದ್ದಾಯಿತು. ತಲೆಯೆತ್ತಿದರೆ, ಅವರ ಎದುರಿನ ಗಾಜಿಗೆ ಒಳಗಿನಿಂದ ಒಬ್ಬಳು ಹುಡುಗಿ ಎರಡೂ ಅಂಗೈಯಿಂದ ಬಡಿಯುತ್ತಿದ್ದಳು. ಬಾಯಿ ತೆರೆದಿತ್ತು, ಕೂಗು ಹೊರಗೆ ಕೇಳುತ್ತಿರಲಿಲ್ಲ. ಹಗ್ಗ ಹತ್ತಿ ಅವರ ಬಳಿ ಹೋದೆ. ಕೈ ಬೆಚ್ಚಗಿತ್ತು. ಕಣ್ಣು ಅರ್ಧ ತೆರೆದಿತ್ತು. ಉಸಿರಿರಲಿಲ್ಲ. ಎರಡೂ ಹಗ್ಗ ಸರಿಯಾಗಿದ್ದವು. ಕೈ ಸಡಿಲವಾದೊಡನೆ ತಾನೇ ಬಿಗಿದುಕೊಳ್ಳುವ ಕೊಂಡಿ ಅವರನ್ನು ಹಿಡಿದೇ ಇತ್ತು.

ಅವರ ಬೆಲ್ಟನ್ನು ನನ್ನದಕ್ಕೆ ಸಿಕ್ಕಿಸಿ, ಅವರ ಹಗ್ಗಗಳನ್ನು ಬಿಡಿಸಿ, ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಇಳಿದೆ. ಕೆಳಗೆ ಯಾರೋ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. ತರಬೇತಿ ಅಂದುಕೊಂಡಿದ್ದರಂತೆ. ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಅಂದರು. ಈ ಕೆಲಸದಲ್ಲಿ ಬಿದ್ದು ಸಾಯುವವರನ್ನು ನೋಡಬೇಕಾದೀತು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮಾತಾಡಿಸುತ್ತಿದ್ದಾಗಲೇ, ಸದ್ದಿಲ್ಲದೆ ಹೀಗೆ... ನಾನು ಯಾವ ಗಾಜು ಒರೆಸುವಾಗ ಅವರು ಹೋದರೆಂದು ಇವತ್ತಿಗೂ ಗೊತ್ತಿಲ್ಲ.

ಅವರ ಹೆಂಡತಿ ಕೇಳಿದ್ದು ಒಂದೇ. "ಕೊನೇಲಿ ಏನಾದ್ರೂ ಅಂದ್ರೇನಪ್ಪ?"

ನಾನು ತಮಾಷೆ ಮಾಡಿದ್ದೆ ಎಂದು ಹೇಗೆ ಹೇಳಲಿ? "ಇವತ್ತು ಬೇಗ ಮನೆಗೆ ಹೋಗ್ಬುಡ್ಬೇಕು ಅಂತಿದ್ರಕ್ಕ," ಅಂದುಬಿಟ್ಟೆ.

ಆರು ವರ್ಷವಾಯಿತು. ಮೊನ್ನೆ ಭಾನುವಾರ ಆ ಮನೆಗೆ ಹೋಗಿದ್ದೆ. ಯಾರೋ ನೆಂಟರು ಬಂದಿದ್ದರು. ಅಕ್ಕ ನನ್ನನ್ನು ತೋರಿಸಿ, ಕೊನೆಗಳಿಗೆಯಲ್ಲಿ ಜೊತೆಗಿದ್ದವನು ಇವನೇ, ಮನೆಗೆ ಬರಬೇಕು ಅಂತಲೇ ಅಂದಿದ್ದರಂತೆ ಎಂದು ಹೇಳಿ ಕಣ್ಣೊರೆಸಿಕೊಂಡರು. ನೆಂಟರು ನನ್ನ ಮುಖ ನೋಡಿದರು.

ಹೌದು ಎಂದು ತಲೆಯಾಡಿಸಿದೆ.